ಬಕ್ರೀದಿಗೆ ಟುವಾರೆಗ್ ಮನೆಗೆ ಹೊರಟ ಮಗಳು

ಪ್ರಶ್ನೆ: ಮಗಳು ಅಲ್ಜೀರಿಯಾದಲ್ಲಿ ಇಂಜಿನಿಯರ್. ಜೊತೆಗೆ ಕೆಲಸ ಮಾಡುವ, ಟುವಾರೆಗ್ ಎಂಬ ಸಹಾರಾ ಮರುಭೂಮಿಯ ಜನಾಂಗದ ಹುಡುಗಿ ಬಕ್ರೀದಿಗೆ ಜಾನೆತ್ ಎಂಬ ತನ್ನ ಊರಿಗೆ ಕರೆದಿದ್ದಾಳಂತೆ. ನಾವು ಮೊಟ್ಟೆಯನ್ನೂ ಮುಟ್ಟದವರು. ತಿನ್ನುವುದಿಲ್ಲ ಎಂದರೆ ಆ ಮನೆಯವರಿಗೆ ಬೇಸರವಾಗುವುದಿಲ್ಲವೇ? ಮುಖ ಮುಚ್ಚಿಕೊಳ್ಳಬೇಕೇ? ರಜೆಗೆ ಬಂದವಳು ಸದ್ಯದಲ್ಲೇ ಹೊರಡುತ್ತಾಳೆ, ಏನು ಕೊಟ್ಟು ಕಳಿಸಲಿ? ನೀವು ಆ ಜನರ ಜೊತೆ ಇದ್ದವರೆಂದು ಓದಿದ ನೆನಪು.
– ಒಬ್ಬ ತಾಯಿ, ಕುಂಜಿಬೆಟ್ಟು, ಉಡುಪಿ

ಉತ್ತರ: ಧೈರ್ಯವಾಗಿ ಕಳಿಸಿ ಅಮ್ಮಾ. ನಾನಿದ್ದದ್ದು ನೈಜರ್‌ನ ಅಗಾದೆಜ್‌ನಲ್ಲಿ, ಜಾನೆತ್ ಇರುವುದು ಅಲ್ಜೀರಿಯಾದ ಆಗ್ನೇಯ ಮೂಲೆಯಲ್ಲಿ, ಲಿಬಿಯಾ ಗಡಿಯ ಹತ್ತಿರ. ದೇಶ ಬೇರೆ, ಜನ ಒಂದೇ.

ಮುಖದ ವಿಷಯ ಮೊದಲು ಹೇಳುತ್ತೇನೆ, ನಿಮಗೆ ನಗು ಬರಬಹುದು. ಅಲ್ಲಿ ಮುಖ ಮುಚ್ಚಿಕೊಳ್ಳುವುದು ಗಂಡಸರು! ಹೆಂಗಸರು ತಲೆಗೊಂದು ಬಟ್ಟೆ ಹೊದ್ದರೆ ಆಯಿತು. ನಾನಿದ್ದ ಮನೆಯ ಅಳಿಯ ಅತ್ತೆಯ ಎದುರು ಬಾಯಿ ತೋರಿಸುತ್ತಿರಲಿಲ್ಲ. ಚಹಾದ ಪುಟ್ಟ ಗ್ಲಾಸನ್ನು ಮುಖದ ಬಟ್ಟೆಯ ಅಡಿಯಿಂದ ತೂರಿಸಿ, ಒಂದು ಹನಿ ಚೆಲ್ಲದಂತೆ ಕುಡಿದು ಕೆಳಗಿಡುತ್ತಿದ್ದ.

ಇನ್ನು ಊಟ. ಮಾಂಸ ತಿನ್ನುವುದಿಲ್ಲವೆಂದು ಮಗಳು ಗೆಳತಿಗೆ ಈಗಲೇ ಹೇಳಿಬಿಡಲಿ. ಬಡಿಸಿದ ಮೇಲೆ ಹೇಳಿದರೆ ಮನೆಯೊಡತಿಗೆ ಮುಜುಗರ. ನಮ್ಮ ಬೋಳಾರದ ಮನೆಯ ಪಕ್ಕದ ಬ್ಯಾರಿ ಕುಟುಂಬದವರು ಬಕ್ರೀದಿಗೆ ನಮಗೆಂದೇ ಬೇರೆ ಪಾತ್ರೆಯಲ್ಲಿ ಪಾಯಸ ಮಾಡಿ ಕಳಿಸುತ್ತಾರೆ. ಮುಂಚಿತವಾಗಿ ತಿಳಿದಿದ್ದರೆ ಎಲ್ಲಿಯೂ ದಾರಿಯಿದೆ. ಅಲ್ಲಿ ಟಗೆಲ್ಲಾ ಎಂಬ ರೊಟ್ಟಿಯಿದೆ: ಬೆಂಕಿ ಹಾಕಿ ಕಾಯಿಸಿದ ಮರಳಿನೊಳಗೆ ಹಿಟ್ಟನ್ನು ಹೂತು, ಮೇಲೆ ಕೆಂಡ ಎಳೆದು ಬೇಯಿಸುತ್ತಾರೆ. ಹೊರತೆಗೆದು ಮರಳು ಕೊಡವಿ, ಚೂರುಚೂರಾಗಿ ಮುರಿದು, ಅದರ ಮೇಲೆ ಮಾಂಸದ ಸಾರು ಸುರಿಯುತ್ತಾರೆ. ಸಾರು ಬೀಳುವ ಮೊದಲೇ ತನ್ನ ಪಾಲು ಕೇಳಿಕೊಳ್ಳಲಿ. ಖರ್ಜೂರ, ಹಾಲು, ಮೇಕೆ ಹಾಲಿನ ಚೀಸ್‌ ಸಿಗುತ್ತವೆ. ಕುರಿ ಕೊಯ್ಯುವ ಹೊತ್ತಿಗೆ ಒಳಗೆ ಹೆಂಗಸರ ಜೊತೆ ಕೂತರೆ ಯಾರೂ ತಪ್ಪು ತಿಳಿಯುವುದಿಲ್ಲ. ಕುರ್ಬಾನಿ ನಡೆಯುವುದು ಬೆಳಿಗ್ಗೆ ಹಬ್ಬದ ನಮಾಜಿನ ನಂತರ, ಅಲ್ಲಿಯವರೆಗೆ ಏನೂ ತಿನ್ನದೆ ಇರುವ ರೂಢಿ ಬಹಳ ಮಂದಿಗಿದೆ. ಎಂಟು ಗಂಟೆಗೆ ತಿಂಡಿಗೆ ಕಾಯುವುದು ಬೇಡ, ಬ್ಯಾಗಿನಲ್ಲಿ ಚಕ್ಕುಲಿ ಇರಲಿ.

ಬೇಡ ಅನ್ನಬಾರದ್ದು ಚಹಾ ಮಾತ್ರ. ಚೀನಾದ ಹಸಿರು ಚಹಾ ಸೊಪ್ಪು, ಕೆಂಡದ ಮೇಲಿನ ಪುಟ್ಟ ಕೆಟಲು. ನಮ್ಮ ಹೋಟೆಲಿನವರು ಕಾಫಿ ಎತ್ತಿ ಹೊಯ್ಯುವಂತೆ ನೊರೆ ಬರುವ ತನಕ ಹೊಯ್ಯುತ್ತಾರೆ. ಅದೇ ಸೊಪ್ಪಿಗೆ ಮತ್ತೆ ನೀರು, ಸಕ್ಕರೆ ಹಾಕಿ ಮೂರು ಸಲ ಕೊಡುತ್ತಾರೆ. ಮೊದಲಿನದು ಕಹಿ, ಕೊನೆಯದು ಸಿಹಿ. ಮೂರನೆಯದು ಮುಗಿಯುವ ಮೊದಲು ಏಳುವುದು ಮರ್ಯಾದೆಯಲ್ಲ. ಒಂದೂವರೆ ಗಂಟೆ ಹಿಡಿದರೂ ಕೂರಲಿ. ನನಗಂತೂ ಹಬ್ಬವೆಂದರೆ ಅದೇ ಆಗಿತ್ತು.

ರಜೆ ಹಾಕುವಾಗ ಒಂದು ದಿನ ಹೆಚ್ಚೇ ಹಾಕಲಿ. ನಮ್ಮ ಕರಾವಳಿಯ ಬಕ್ರೀದ್‌ ಬೆಂಗಳೂರಿನದಕ್ಕಿಂತ ಒಂದು ದಿನ ಹಿಂದೆಮುಂದೆ ಆಗುವುದನ್ನು ನೀವೇ ನೋಡಿದ್ದೀರಿ, ಅಲ್ಲಿಯೂ ಚಂದ್ರದರ್ಶನದ್ದೇ ಲೆಕ್ಕ. ಜಿಲ್‌ಹಜ್ ತಿಂಗಳ ಹತ್ತನೇ ದಿನ ಹಬ್ಬವಾದ್ದರಿಂದ ಒಂಬತ್ತು ಹತ್ತು ದಿನ ಮುಂಚೆ ತಾರೀಕು ಖಚಿತವಾಗುತ್ತದೆ. ಮತ್ತೆ ಒಂದು ತಿಂಗಳಿಗೆ, ಮೊಹರಂ ತಿಂಗಳ ಹತ್ತನೇ ದಿನವಾದ ಆಶುರಾದಂದು, ಜಾನೆತ್‌ನಲ್ಲಿ ಸೆಬೀಬಾ ನಡೆಯುತ್ತದೆ: ಎರಡು ಕೇರಿಯವರ ಪೈಪೋಟಿ, ಗಂಡಸರ ಕತ್ತಿ ಕುಣಿತ, ಹೆಂಗಸರ ಹಾಡು ಮತ್ತು ವಾದ್ಯ. 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ರಜೆ ಉಳಿದರೆ ಅದಕ್ಕೂ ಹೋಗಲಿ.

ಉಡುಗೊರೆ: ಚಹಾ ಸೊಪ್ಪು ಮತ್ತು ಸಕ್ಕರೆ, ಎರಡನ್ನೂ ಅಲ್ಲಿಯ ಅಂಗಡಿಯಲ್ಲೇ ಕೊಳ್ಳಲಿ. ಇಲ್ಲಿಂದ ಒಂದು ಕಿಲೋ ಗೋಡಂಬಿ ಸಾಕು. ಉಪ್ಪಿನಕಾಯಿ ಬಾಟಲಿ ಕಟ್ಟಲು ಹೋಗಬೇಡಿ, ಅಷ್ಟು ಖಾರ ಅವರ ನಾಲಿಗೆಗೆ ಅಭ್ಯಾಸವಿಲ್ಲ.