ಎಂಸಿಎ: ಸುರತ್ಕಲ್ಲಾ, ಪಿಜಿಸಿಇಟಿಯಾ?
ಉಡುಪಿಯಲ್ಲಿ ಬಿಸಿಎ ಕೊನೇ ವರ್ಷ, ಜನರಲ್ ಕೆಟಗರಿ, ಇದುವರೆಗೆ 58%, ಎಂಸಿಎಗೆ (ಕಂಪ್ಯೂಟರ್ ಸ್ನಾತಕೋತ್ತರ ಪದವಿ) ಸುರತ್ಕಲ್ ಎನ್‌ಐಟಿಕೆಗೆ ಟ್ರೈ ಮಾಡಬಹುದಾ ಅಂತ ಕೇಳಿದ್ದೀರಿ. ಮೊದಲು ಮಾರ್ಕ್ಸ್‌ಕಾರ್ಡ್ ತೆಗೆದು ನೋಡಿ. ಅಲ್ಲಿ ಸೀಟು ನಿಮ್‌ಸೆಟ್ (ಎನ್‌ಐಟಿಗಳ ಎಂಸಿಎ ಪ್ರವೇಶ ಪರೀಕ್ಷೆ) ಮೂಲಕ, ಅದಕ್ಕೆ ಡಿಗ್ರಿಯಲ್ಲಿ 60% ಅಥವಾ 6.5 ಸಿಜಿಪಿಎ ಬೇಕೇ ಬೇಕು, ಗಣಿತ ಇಲ್ಲವೇ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿ ಓದಿರಬೇಕು. ಉಳಿದ ಸೆಮಿಸ್ಟರ್‌ನಲ್ಲಿ ಒಟ್ಟು ಸರಾಸರಿಯನ್ನು 60ಕ್ಕೆ ಮುಟ್ಟಿಸಿದರೆ ದಾರಿ ಇದೆ. ಆದರೆ ಪರೀಕ್ಷೆಯ 1000 ಅಂಕದಲ್ಲಿ 600 ಗಣಿತದ್ದೇ! ಪಿಯುಸಿ ಗಣಿತ ಮರೆತಿದ್ದರೆ ಈಗಲೇ ಶುರು ಮಾಡಿ, ಸುಮ್ನೆ ಫೀಸ್ ಕಟ್ಟಿ ಕೂರಬೇಡಿ. ಜೊತೆಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿಗೂ ಅರ್ಜಿ ಹಾಕಿ. ಅಲ್ಲಿ 50% ಸಾಕು, ಮಂಗಳೂರು ಹತ್ತಿರದ ವಾಮಂಜೂರಿನ ಸೈಂಟ್ ಜೋಸೆಫ್‌ನಂಥ ಕಾಲೇಜಿಗೆ ಮನೆಯಿಂದಲೇ ಬಸ್ಸಲ್ಲಿ ಹೋಗಿಬರಬಹುದು. ಮಣಿಪಾಲ, ನಿಟ್ಟೆ ಡೀಮ್ಡ್ ವಿಶ್ವವಿದ್ಯಾಲಯಗಳು, ಅಲ್ಲಿನ ನಿಯಮ ಬೇರೆ, ಎರಡೂ ವರ್ಷದ ಫೀಸ್ ಕೂಡಿಸಿ ನೋಡಿ. ನಿಮಗೆ ಗಣಿತ ಇತ್ತಾ, ಹೇಳಿ.