ಬಟನ್ನೇ ಇಲ್ಲದಿದ್ದರೆ ನಾನು ಯಾಕೆ ಬೇಕು?

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಮೇಲೆ ಕೋಲಾರದ ನನ್ನ ಆಪ್ತಸಲಹೆಯ ಕೋಣೆಗೆ, ಇನ್ನು ನಮ್ಮ ಕೆಲಸ ಬೇಡವಾಗುತ್ತದೆ ಅಂತ ಹೆದರಿದವರು ಬರುತ್ತಲೇ ಇದ್ದಾರೆ. ಬೆಂಗಳೂರಿನ ಕಂಪನಿ, ಇಲ್ಲಿನ ಮನೆ, ನಿದ್ದೆಯಿಲ್ಲದ ರಾತ್ರಿ. ಈಕೆಗೆ 34. ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಆ್ಯಪ್‌ಗಳಿಗೆ ಸ್ಕ್ರೀನ್ ಡಿಸೈನ್ ಮಾಡುವುದು ಅವರ ಕೆಲಸ. ಈಗ ಕಂಪನಿ ರೈತರಿಗಾಗಿ ಬರೀ ಮಾತಿನಲ್ಲೇ ನಡೆಯುವ ಆ್ಯಪ್ ಮಾಡಲು ಹೊರಟಿತ್ತು. "ಬಟನ್ ಎಲ್ಲಿಡಬೇಕು ಅಂತ ನನಗೆ ಗೊತ್ತು. ಬಟನ್ನೇ ಇಲ್ಲದಿದ್ದರೆ ನಾನು ಯಾಕೆ ಬೇಕು?" ಅಂದರು. ಹೆದರಿ ಒಟ್ಟಿಗೆ ಮೂರು ಕೋರ್ಸ್‌ಗೆ ಸೇರಿದ್ದರು.

ಮೂರನೇ ಭೇಟಿಯಲ್ಲಿ ಅಪ್ಪನ ಮಾತು ಬಂತು. ಅವರು ಟೊಮೆಟೊ ಬೆಳೆದು ಇಲ್ಲಿನ ಮಂಡಿಗೆ ಹಾಕುವವರು. ಮಗಳು ಪರೀಕ್ಷೆಗೆ ತಂದ ಆ್ಯಪ್‌ಗೆ, "ಇವತ್ತು ಬಾಕ್ಸು ಎಷ್ಟಕ್ಕೆ ಹೋಯ್ತು?" ಅಂತ ಕೇಳಿದರು. ಇಲ್ಲಿ ಬಾಕ್ಸ್ ಅಂದರೆ 15 ಕೆಜಿ, ಮಕ್ಕಳಿಗೂ ಗೊತ್ತು. ಆ್ಯಪ್ ಮೂರು ಸಲವೂ "ಅರ್ಥವಾಗಲಿಲ್ಲ" ಅಂದಿತು. ಅಪ್ಪ ಫೋನ್ ಕೆಳಗಿಟ್ಟು, "ನಂಗೆ ಸರಿಯಾಗಿ ಮಾತಾಡೋಕೆ ಬರಲ್ಲ ಬಿಡಮ್ಮ" ಅಂದರಂತೆ.

ಇದನ್ನು ಹೇಳುವಾಗ ಅವರಿಗೆ ಅಳು ಬರಲಿಲ್ಲ, ಸಿಟ್ಟು ಬಂತು. "ತಪ್ಪು ಅಪ್ಪನದಲ್ಲ!" ಅಂತ ಮೇಜು ತಟ್ಟಿದರು.

"ಇದನ್ನು ನಿಮ್ಮ ಆಫೀಸಿನಲ್ಲಿ ಇನ್ಯಾರು ಗಮನಿಸಿದರು?" ಅಂತ ಕೇಳಿದೆ.

ತುಂಬಾ ಹೊತ್ತು ಸುಮ್ನೆ ಕೂತರು. ಆಮೇಲೆ ಅವರೇ ಒಂದು ಹಳೆಯ ಪ್ರಯೋಗ ನೆನಪಿಸಿಕೊಂಡರು. ಮಾತು ಕೇಳಿ ಟೈಪ್ ಮಾಡುವ ಯಂತ್ರ ಇನ್ನೂ ಇಲ್ಲದಾಗ, ಕಂಪ್ಯೂಟರ್ ಕಂಪನಿ ಐಬಿಎಂನವರು ಬೇರೆ ಕೋಣೆಯಲ್ಲಿ ಟೈಪಿಸ್ಟ್ ಕೂರಿಸಿ, ಯಂತ್ರವೇ ಟೈಪ್ ಮಾಡಿದಂತೆ ತೋರಿಸಿ ಅದನ್ನು ಪರೀಕ್ಷಿಸಿದ್ದರು. ಆ ಪ್ರಬಂಧ ಅಚ್ಚಾದದ್ದು 1983ರಲ್ಲಿ. ಅಂದರೆ ಮಾತಿನಲ್ಲೇ ನಡೆಯುವ ಡಿಸೈನ್ ಅವರ ವಿದ್ಯೆಯೊಳಗೇ ಇತ್ತು.

ಎರಡು ಕೋರ್ಸ್ ಬಿಡಿ, ಆ ಪ್ರಯೋಗವನ್ನು ಮನೆಯಲ್ಲೇ ಮಾಡಿ ಅಂದೆ. ಅಪ್ಪ ಪಡಸಾಲೆಯಲ್ಲಿ, ನೀವು ಒಳಗಿನ ಕೋಣೆಯಲ್ಲಿ ಯಂತ್ರದ ಪಾತ್ರ ಮಾಡಿ, ಅವರಿಗೆ ಹೇಳಿಯೇ ಮಾಡಿ. ಆಪ್ತಸಲಹೆಗಾರ್ತಿ ವೃತ್ತಿಯ ವಿಷಯಕ್ಕೆ ಕೈ ಹಾಕಬಾರದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. "ನೀವು ಜಾಣೆ" ಅಂತ ನಾನು ನೂರು ಸಲ ಹೇಳಿದರೂ ರಾತ್ರಿ ಎರಡು ಗಂಟೆಗೆ ಆ ಮಾತು ಮನಸ್ಸಿನಲ್ಲಿ ಉಳಿಯುವುದಿಲ್ಲ. ಅವರ ಕೈಯೇ ಅದನ್ನು ತೋರಿಸಬೇಕು, ಅಲ್ವಾ? ಹೊಸದನ್ನು ಕಲಿಯಬೇಡಿ ಅಂತಲೂ ನಾನು ಹೇಳಲಿಲ್ಲ. ಒಂದು ಕೋರ್ಸ್ ಉಳಿಸಿಕೊಂಡರು.

ಮುಂದಿನ ಸಲ ನೋಟ್‌ಬುಕ್ ತಂದಿದ್ದರು. ಅಪ್ಪ ಮಾತಿನ ಮಧ್ಯೆ ನಿಲ್ಲಿಸಿ ಲೆಕ್ಕ ಹಾಕುತ್ತಾರೆ. ಆ್ಯಪ್ ಅದನ್ನೇ ಮಾತು ಮುಗಿಯಿತು ಅಂದುಕೊಳ್ಳುತ್ತದೆ. ಪುಟದ ಮೇಲೆ ದಪ್ಪಕ್ಷರದಲ್ಲಿ "ಕಾಯಬೇಕು" ಅಂತ ಬರೆದಿದ್ದರು. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದಾರೆ.