ಆರತಕ್ಷತೆಯಲ್ಲಿ ಹಾಡಿದ್ದಕ್ಕೆ ಐದು ಸಾವಿರ

(ಹೆಸರು, ಉದ್ಯೋಗ, ವಾದ್ಯಗಳನ್ನು ಬದಲಿಸಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಇದೆ.)

ಸುಮಾ ನನ್ನಲ್ಲಿಗೆ ಆಪ್ತಸಮಾಲೋಚನೆಗೆ ಬಂದಿದ್ದು ಗಂಟಲಿನ ದೂರು ಹೊತ್ತು. ಹಾಡಲು ಕೂತರೆ ಎರಡು ಸಾಲಿಗೇ ಗಂಟಲು ಬಿಗಿಯುತ್ತದೆ. ಕಿವಿ-ಮೂಗು-ಗಂಟಲಿನ ಡಾಕ್ಟರು ನೋಡಿ, ಧ್ವನಿತಂತುಗಳಲ್ಲಿ ಏನೂ ತೊಂದರೆಯಿಲ್ಲ ಎಂದಿದ್ದರು. ವಯಸ್ಸು ಮೂವತ್ತರ ಆಸುಪಾಸು, ಹಗಲು ಬ್ಯಾಂಕಿನ ಕೆಲಸ, ಸಂಜೆ ಸುಗಮ ಸಂಗೀತ. ಕಾಲೇಜು ದಿನಗಳಿಂದ ಒಟ್ಟಿಗಿರುವ ಐವರ ತಂಡ. ಅದರಲ್ಲಿ ಕೀಬೋರ್ಡ್ ನುಡಿಸುವ ಗೆಳೆಯನ ಮದುವೆ ಮೂರು ತಿಂಗಳ ಹಿಂದೆ ಆಗಿತ್ತು. "ಆರ್ಕೆಸ್ಟ್ರಾದವರು ಯಾಕೆ, ನೀವೇ ಹಾಡ್ರೋ" ಎಂದು ಅವನೇ ಕೇಳಿದ್ದ. ಉಳಿದ ನಾಲ್ವರೂ ಕುಣಿದುಕೊಂಡೇ ಒಪ್ಪಿದ್ದರು.

ಆ ಸಂಜೆಯ ಕಥೆಯನ್ನು ಸುಮಾ ನಗುತ್ತಲೇ ಹೇಳಿದರು. ಛತ್ರದ ಹಿಂದಿನ ಬಯಲಲ್ಲಿ ಆರತಕ್ಷತೆ. ವಧೂವರರ ವೇದಿಕೆ ಒಂದು ಕಡೆ, ಇವರಿಗೆ ಐಸ್‌ಕ್ರೀಮ್ ಕೌಂಟರಿನ ಪಕ್ಕದಲ್ಲಿ ಒಂದು ಹಲಗೆ. ಸ್ಪೀಕರುಗಳೆಲ್ಲ ಜನರ ಕಡೆಗೆ. ಹಾಡುವವರಿಗೆ ತಮ್ಮ ದನಿ ಕೇಳಿಸಲು ಬೇಕಾದ ಮಾನಿಟರ್ ಇರಲೇ ಇಲ್ಲ. ಐದೂವರೆ ಮನೆಯಷ್ಟು ಎತ್ತರದ ಶ್ರುತಿಯಲ್ಲಿ ಹಾಡುವ ಹೆಣ್ಣುಮಗಳು ತನ್ನ ದನಿ ತನಗೇ ಕೇಳದಿದ್ದರೆ ಮಾಡುವುದೇನು? ಕಿರುಚುವುದು. ಭಾವಗೀತೆಯ ಎರಡನೇ ಚರಣದಲ್ಲಿ ವಿಡಿಯೋದವನ ಸಹಾಯಕ ಬಂದು, ಅತಿಥಿಗಳ ಸಾಲು ಇತ್ತ ಬರಬೇಕು ಎಂದು ಮೈಕ್ ಸ್ಟ್ಯಾಂಡನ್ನೇ ಎತ್ತಿ ಸರಿಸಿದ. ಯಾರೋ ದೊಡ್ಡಪ್ಪ ಚೀಟಿ ಕಳಿಸಿದರು: "ಸ್ವಲ್ಪ ಜೋಶ್ ಇರೋದು ಹಾಡಿ." ಬಯಲಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲವಲ್ಲ (ಶಬ್ದ ಮಾಲಿನ್ಯ ನಿಯಮಗಳು, 2000), ಆ ಹೊತ್ತಿಗೆ ಸೌಂಡಿನವನು ಮುಲಾಜಿಲ್ಲದೆ ಸ್ವಿಚ್ ಆರಿಸಿದ. ವೈರು ಸುತ್ತಿಟ್ಟು ಊಟದ ಹಾಲಿಗೆ ಹೋದರೆ ಅಲ್ಲಿ ಮೇಜಿನ ಪೇಪರುಗಳನ್ನು ಎಂಜಲೆಲೆ ಸಮೇತ ಸುತ್ತಿ ತೆಗೆಯುತ್ತಿದ್ದರು.

ಇಷ್ಟೆಲ್ಲ ನಗುತ್ತ ಹೇಳಿದವರ ಕಣ್ಣು ತುಂಬಿದ್ದು ಫೋನಿನಲ್ಲಿದ್ದ ಸಂದೇಶ ತೋರಿಸುವಾಗ. ಮದುವೆಯಾದ ನಾಲ್ಕನೇ ದಿನ ಗೆಳೆಯ ನಾಲ್ವರ ಖಾತೆಗೂ ತಲಾ ಐದು ಸಾವಿರ ಹಾಕಿ ಬರೆದಿದ್ದ: "ಮದುವೆ ಖರ್ಚೆಲ್ಲ ಸೆಟಲ್ ಮಾಡ್ತಿದೀನಿ. ನಿಮ್ದೂ ಬಾಕಿ ಉಳೀಬಾರದು." ಅಂದಿನಿಂದ ಮಾತಿಲ್ಲ.

ಹಳೇ ಮೈಸೂರು ಕಡೆಯ ಮದುವೆಗಳಲ್ಲಿ ಮುಯ್ಯಿ ಬರೆದುಕೊಳ್ಳುವ ಪುಸ್ತಕ ನೋಡಿದ್ದೀರಾ ಎಂದು ಕೇಳಿದೆ. ಯಾರು ಎಷ್ಟು ಮುಯ್ಯಿ ಮಾಡಿದರು ಎಂಬುದು ಕಾಸಿನ ಲೆಕ್ಕದಲ್ಲಿ ಅಲ್ಲಿರುತ್ತದೆ. ಆದರೆ ಮರುವಾರವೇ ಯಾರೂ ಅದನ್ನು ತೀರಿಸಲು ಹೊರಡುವುದಿಲ್ಲ. ಅವರ ಮನೆಯ ಮದುವೆ ಬರುವವರೆಗೆ ಕಾಯುತ್ತಾರೆ. ಆ ಬಾಕಿಯೇ ನಂಟು. 1979ರಲ್ಲಿ ಮಾರ್ಗರೆಟ್ ಕ್ಲಾರ್ಕ್ ಮತ್ತು ಜಡ್ಸನ್ ಮಿಲ್ಸ್ ಎಂಬ ಮನಶ್ಶಾಸ್ತ್ರಜ್ಞರ ಪ್ರಯೋಗಗಳಲ್ಲಿ ಕಂಡದ್ದೂ ಇದೇ: ಆಪ್ತತೆ ಬಯಸುವ ಕಡೆ, ಮಾಡಿದ ಉಪಕಾರಕ್ಕೆ ತಕ್ಷಣ ಪ್ರತಿಯಾಗಿ ಕೊಟ್ಟುಬಿಟ್ಟರೆ ಒಲವು ಕಡಿಮೆಯಾಗುತ್ತದೆ, ವ್ಯವಹಾರದ ಸಂಬಂಧದಲ್ಲಾದರೆ ಹೆಚ್ಚುತ್ತದೆ. ಸುಮಾ ಅವರಿಗೆ ನೋವಾಗಿದ್ದು ದುಡ್ಡು ಕೊಟ್ಟಿದ್ದಕ್ಕಲ್ಲ, ಲೆಕ್ಕ ಮುಗಿಸಿದ್ದಕ್ಕೆ.

"ನಮ್ಮನ್ನ ಬಾಡಿಗೆ ಆರ್ಕೆಸ್ಟ್ರಾದವರು ಅಂದ್ಕೊಂಡ" ಎಂಬ ತೀರ್ಮಾನ ಮಾತ್ರ ಅವರದೇ ಊಹೆ. ಅವನ ಬಾಯಿಂದ ಆ ಮಾತು ಬಂದಿರಲಿಲ್ಲ. ಎದುರಿನವರ ಮನಸ್ಸನ್ನು ನಾವೇ ಓದಿ ನಾವೇ ಶಿಕ್ಷೆ ಕೊಡುವ ಈ ಅಭ್ಯಾಸ, ಮಾತು ನಿಂತಷ್ಟೂ ಗಟ್ಟಿಯಾಗುತ್ತದೆ. ಹಾಗಾಗಿ ನನ್ನ ಸಲಹೆ: ಹಣ ವಾಪಸ್ ಹಾಕಬೇಡಿ, ಅದು ಇನ್ನೊಂದು ಏಟಾಗುತ್ತದೆ. ವಾಟ್ಸಾಪ್ ಬೇಡ, ಎದುರು ಕೂತು ಮಾತಾಡಿ. ಊಟ, ಮೈಕು, ದೊಡ್ಡಪ್ಪನ ಚೀಟಿ ಒಂದನ್ನೂ ಎತ್ತಬೇಡಿ. "ಆ ಮೆಸೇಜ್ ಓದಿ ನಾನು ನಿನ್ನವಳಲ್ಲವೇನೋ ಅನ್ನಿಸ್ತು" ಎಂದಷ್ಟೇ ಹೇಳಿ, ಆಮೇಲೆ ಸುಮ್ಮನಿರಿ. ಸುಮ್ಮನಿರುವುದೇ ಕಷ್ಟ, ಅದನ್ನು ನನ್ನೆದುರೇ ಅಭ್ಯಾಸ ಮಾಡಿದರು.

ಗೆಳೆಯನ ಉತ್ತರ ಹೀಗಿತ್ತಂತೆ: ದುಡ್ಡು ಅವನ ಅಪ್ಪನ ಒತ್ತಾಯ. ಸ್ನೇಹಿತರ ಕೈಲಿ ಬಿಟ್ಟಿ ಹಾಡಿಸಿದರು ಎಂದು ಹೆಣ್ಣಿನ ಕಡೆಯವರು ಆಡಿಕೊಳ್ಳಬಾರದು ಎಂಬ ಲೆಕ್ಕಾಚಾರ. ಸಂದೇಶದ ಮಾತುಗಳು ಮಾತ್ರ ಅವನದೇ, ಕೇಟರಿಂಗಿನವರಿಗೆ ಕಳಿಸಿದ್ದನ್ನೇ ಕೊಂಚ ತಿದ್ದಿ ಕಳಿಸಿದ್ದ. "ಹಾಡು ಹೆಂಗಿತ್ತು ಅಂತ ಕೇಳಬೇಡ ಕಣೇ, ಮೂರು ಗಂಟೆ ಫೋಟೊಗೆ ಹಲ್ಲು ಕಿರಿದು ನಿಂತಿದ್ದೆ, ನಂಗೊಂದೂ ಕೇಳಿಸ್ಲಿಲ್ಲ" ಎಂದನಂತೆ. ಈ ಪ್ರಾಮಾಣಿಕತೆ ಸುಮಾ ಅವರಿಗೆ ಹಿಡಿಸಿತು.

ಇಂಥ ಆಹ್ವಾನ ಬಂದ ಗೆಳೆಯರಿಗೆ ನಾನು ಹೇಳುವುದು: ನೀವು ಅತಿಥಿಯೋ ಕಲಾವಿದರೋ, ಮೊದಲೇ ಕೇಳಿಕೊಳ್ಳಿ. ಅತಿಥಿಯಾದರೆ ಮುಕ್ಕಾಲು ಗಂಟೆ ಹಾಡಿ, ಪಂಕ್ತಿಯಲ್ಲಿ ಕೂತು ಊಟ ಮಾಡಿ. ಇಡೀ ಸಂಜೆ ಹಾಡಬೇಕೆಂದರೆ ಅದು ಕಾರ್ಯಕ್ರಮ. ಸಂಭಾವನೆ, ಮಾನಿಟರ್, ಮೊದಲೇ ಊಟ, ಚೀಟಿಗಳನ್ನು ತಡೆಯಲು ಮನೆಯವರಲ್ಲೊಬ್ಬರು, ಇವನ್ನು ಬಾಯಿಬಿಟ್ಟು ಕೇಳುವುದರಲ್ಲಿ ಸಂಕೋಚವೇಕೆ? ಮದುಮಗನಿಗೂ ಒಂದು ಮಾತು: ಆ ದಿನ ನಿನಗೆ ಹಾಡು ಕೇಳಿಸುವುದಿಲ್ಲ. ಕೇಳಬೇಕಿದ್ದರೆ ಬೀಗರ ಔತಣವಾದ ಮೇಲೆ ಒಂದು ಸಂಜೆ ಮನೆಗೆ ಕರೆ.

ಸುಮಾ ಈಗ ಹಾಡುತ್ತಿದ್ದಾರೆ, ಗಂಟಲು ಆಗಾಗ ಬಿಗಿಯುವುದು ಇನ್ನೂ ಪೂರ್ತಿ ಹೋಗಿಲ್ಲ. ತಬಲಾದವನು ಮಾತ್ರ ತನ್ನ ಪಾಲಿನ ಐದು ಸಾವಿರ ಹಿಂತಿರುಗಿಸಿ, ಮದುಮಗನ ಫೋನು ಎತ್ತುವುದನ್ನೇ ಬಿಟ್ಟಿದ್ದಾನೆ. ಅವನನ್ನು ತಾನೇ ಒಪ್ಪಿಸಿ ಕರೆತರಬೇಕೇ ಎಂದು ಸುಮಾ ಕೇಳಿದರು. ಬೇಡ, ಅದು ಅವರಿಬ್ಬರ ಮಾತು ಎಂದೆ.